ಶ್ರೀಗಂಧದ ಸಸಿ: ಒಟ್ಲು ಮೇಲೋ, ನೇರ ಪ್ಯಾಕೆಟ್ಟೋ, ಕೊಂಡು ತರುವುದೋ?

ಹತ್ತಿಪ್ಪತ್ತು ಗಿಡ ಸಾಕು ಅನ್ನುವವರಿಗೆ ಒಟ್ಲೇ, ಅಂದರೆ ಬೀಜ ಮೊಳೆಸುವ ಮಡಿಯೇ ಸರಿ. ಪ್ಯಾಕೆಟ್ಟಿಗೆ ನೇರವಾಗಿ ಬೀಜ ಊರಿದರೆ ಕೆಲಸ ಕಮ್ಮಿ, ನಿಜ. ಆದರೆ ಗಂಧದ ಬೀಜ ಒಟ್ಟಿಗೆ ಏಳುವ ಜಾತಿಯದಲ್ಲ. ಹೊಸ ಬೀಜ ಎರಡು ತಿಂಗಳಾದರೂ ಸುಮ್ಮನೆ ಮಲಗಿರುತ್ತದೆ. ಒಂದು ಪ್ಯಾಕೆಟ್ಟಿನಲ್ಲಿ ನಾಲ್ಕೆಲೆ, ಪಕ್ಕದ್ದು ಬರೀ ಮಣ್ಣು. ಆ ಬರೀ ಮಣ್ಣಿಗೂ ದಿನಾ ನೀರು ಹಾಕಬೇಕು, ಕಳೆ ಕೀಳಬೇಕು.

ಒಟ್ಲಿಗೆ ಮೂರು ಪಾಲು ಮರಳು, ಒಂದು ಪಾಲು ಕೆಮ್ಮಣ್ಣು. ಬೀಜದ ಮೇಲೆ ಒಂದು ಸೆಂಟಿಮೀಟರ್ ಮರಳು, ಅದರ ಮೇಲೆ ತೆಳುವಾಗಿ ಭತ್ತದ ಹುಲ್ಲು. ಸುತ್ತ ತಂತಿ ಬಲೆ ಕಡ್ಡಾಯ, ಇಲ್ಲದಿದ್ದರೆ ಬಿತ್ತಿದ್ದೆಲ್ಲ ಇಲಿ ಪಾಲು.

ತಲೆನೋವು ಇರುವುದು ಬೀಜೋಪಚಾರದಲ್ಲಿ. ಮಲಗಿದ ಬೀಜ ಎಬ್ಬಿಸುವ ಸಸ್ಯ ಹಾರ್ಮೋನು ಜಿಬ್ಬರೆಲಿಕ್ ಆಮ್ಲ 500 ಪಿಪಿಎಂ, ಅಂದರೆ ಲೀಟರ್ ನೀರಿಗೆ ಅರ್ಧ ಗ್ರಾಂ, ರಾತ್ರಿಯಿಡೀ ನೆನೆಸಬೇಕು. ಗೊಬ್ಬರದಂಗಡಿಯಲ್ಲಿ ‘ಜಿಬ್ಬರೆಲಿಕ್ ಕೊಡಿ’ ಎಂದರೆ ಬೆಳೆಗೆ ಸಿಂಪಡಿಸುವ ದ್ರವದ ಬಾಟಲಿ ಕೈಗಿಡುತ್ತಾರೆ. ಹಿಂದುಗಡೆ ಸಣ್ಣಕ್ಷರದಲ್ಲಿ ನೋಡಿ: 0.001%. ಅದು ಬರೀ 10 ಪಿಪಿಎಂ. ನೀರು ಬೆರೆಸದೆ ಹಾಗೇ ಸುರಿದರೂ ಬೇಕಾದ್ದರ ಐವತ್ತನೇ ಒಂದು ಪಾಲು. ಅದರಲ್ಲಿ ನೆನೆಸಿ ‘ಮದ್ದು ಹಾಕಿದರೂ ಮೊಳಕೆ ಬರಲಿಲ್ಲ’ ಅನ್ನುವವರೇ ಜಾಸ್ತಿ.

ಕೇಳಬೇಕಾದ್ದು 90% ಪುಡಿ. ಅದೂ ನೀರಿಗೆ ಹಾಕಿದರೆ ಸಲೀಸಾಗಿ ಕರಗದೆ ತೇಲುತ್ತದೆ. ಮೊದಲು ಒಂದೆರಡು ಚಮಚ ಸ್ಪಿರಿಟ್‌ನಲ್ಲಿ ಕರಗಿಸಿಕೊಂಡು, ಆಮೇಲೆ ನೀರಿಗೆ ಸುರಿದು ಕಲಕಿ. ಅರ್ಧ ಗ್ರಾಂ ತೂಗಲು ಅಡುಗೆಮನೆ ತಕ್ಕಡಿ ಸಾಲದು. ಚಿನ್ನದ ಕೆಲಸದವರ ಹತ್ತಿರ ತೂಗಿಸಿಕೊಳ್ಳಿ. ಸಗಣಿ ನೀರಿನಲ್ಲಿ ನೆನೆಸಿದ್ದಕ್ಕೂ ಬರೀ ನೀರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಸಸಿಗೆ ನಾಲ್ಕರಿಂದ ಆರು ಎಲೆ ಬಂದಾಗ ಒಟ್ಲಿನಿಂದ ಎಬ್ಬಿಸಿ. ಅಷ್ಟೊತ್ತಿಗೆ ತಾಯಿಬೇರು ಕಾಂಡಕ್ಕಿಂತ ಉದ್ದ ಇರುತ್ತದೆ, ಆದ್ದರಿಂದ ಎಳೆಯಬೇಡಿ. ಒಟ್ಲನ್ನು ಚೆನ್ನಾಗಿ ನೆನೆಸಿ, ಚಪ್ಪಟೆ ಕಡ್ಡಿಯಿಂದ ಕೆಳಗಿನಿಂದ ಮೀಟಿ ಎತ್ತಿ, ನೀರಿನ ಮಗ್ಗಿನಲ್ಲಿ ಇಡಿ. ಪ್ಯಾಕೆಟ್ಟಿನ ಕುಣಿ ಬೇರಿನಷ್ಟೇ ಆಳವಿರಲಿ. ಬೇರು ಮಡಚಿಕೊಂಡರೆ ಗಿಡ ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ನಾಟಿ ಸಂಜೆ ಹೊತ್ತು, ಆಮೇಲೆ ಒಂದು ವಾರ ನೆರಳು.

ಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿಯೇ ಬದುಕುವುದು. ಹಾಗಾಗಿ ಅದೇ ಪ್ಯಾಕೆಟ್ಟಿಗೆ ಎರಡು ತೊಗರಿ ಕಾಳು. ತೊಗರಿ ಗಂಧಕ್ಕಿಂತ ಎತ್ತರ ಹೋಗದ ಹಾಗೆ ಆಗಾಗ ಕುಡಿ ಚಿವುಟಿ. ಕಿತ್ತರೆ ಗಂಧದ ಬೇರೂ ಹರಿದು ಬರುತ್ತದೆ.

ಕೊಂಡ ಸಸಿ ಕೆಟ್ಟದ್ದೇನಲ್ಲ. ಪ್ಯಾಕೆಟ್ಟಿನಲ್ಲಿ ತೊಗರಿಯೋ ಹೊನಗೊನ್ನೆಯೋ ಇದೆಯಾ ನೋಡಿ. ಇಲ್ಲದಿದ್ದರೆ ಎಷ್ಟೇ ಹಸಿರಾಗಿದ್ದರೂ ಬೇಡ. ಒಂದಡಿ ಎತ್ತರ, ಕಂದು ತಿರುಗಿದ ಕಾಂಡ, ತಳದಲ್ಲಿ ಸುರುಳಿ ಸುತ್ತದ ಬೇರು, ಇಷ್ಟಿದ್ದರೆ ತನ್ನಿ. ಎಕರೆಗಟ್ಟಲೆ ನೆಡುವವರು, ದಿನಾ ಎರಡು ಹೊತ್ತು ರೋಸ್ ಕ್ಯಾನ್ (ನೀರು ಚಿಮುಕಿಸುವ ಡಬ್ಬ) ಹಿಡಿಯಲು ಪುರಸೊತ್ತಿಲ್ಲದವರು ಇದನ್ನೇ ಮಾಡಲಿ. ನಾಗಮಂಗಲದ ಕಡೆಯ ಕೆಂಪು ಬೆದ್ದಲಿಗೆ ಸರಿ. ವಿಶ್ವೇಶ್ವರಯ್ಯ ನಾಲೆಯ ನೀರು ನಿಲ್ಲುವ ಗದ್ದೆಗೆ ಮೂರರಲ್ಲಿ ಯಾವ ಸಸಿಯೂ ಬೇಡ, ಬೇರು ಕೊಳೆಯುತ್ತದೆ.

ನನ್ನ ಲೆಕ್ಕದಲ್ಲಿ ಒಟ್ಲಿನ ಖರ್ಚು ಅಂದರೆ ಮರಳು, ಬಲೆ, ಚಿಟಿಕೆ ಪುಡಿ. ಸೆಪ್ಟೆಂಬರ್-ಅಕ್ಟೋಬರಿನ ಹಣ್ಣು ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ನವೆಂಬರಿನಲ್ಲೇ ಬಿತ್ತಿದರೆ ಮುಂದಿನ ಮುಂಗಾರಿಗೆ ನೆಡುವ ಸಸಿ ಸಿಗುತ್ತದೆ.