ಅಸ್ತ್ರ ಒಲೆ: ಹೊಗೆ ಬಂದರೆ ಮೊದಲು ಕೊಳವೆ ನೋಡಿ

ಕೊಪ್ಪಳ ಜಿಲ್ಲೆಯ ಕುಕನೂರು ಕಡೆ ನಮ್ಮೂರು. ಮನೆಯಲ್ಲಿ ಗ್ಯಾಸ್ ಇದೆ, ಚಹಾಕ್ಕೂ ಹಾಲಿಗೂ ಅದೇ. ಆದರೆ ಮನೆ ತುಂಬ ಮಂದಿಗೆ ಜೋಳದ ರೊಟ್ಟಿ, ಎಲ್ಲರ ಜಳಕಕ್ಕೆ ಬಿಸಿನೀರು ಅಂದರೆ ಕಟ್ಟಿಗೆ ಒಲೆಯೇ ಬೇಕು. ಹೊಲದಲ್ಲಿ ತೊಗರಿ ಕಟ್ಟಿಗೆ, ಬದುವಿನಲ್ಲಿ ಬಳ್ಳಾರಿ ಜಾಲಿ ಬೇಕಾದಷ್ಟು ಸಿಗುತ್ತವೆ.

ನಮ್ಮದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ಕೆಲಸಕ್ಕೆಂದೇ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಇದು ರೂಪುಗೊಂಡಿದ್ದು. ಒಂದೇ ಬಾಯಿಗೆ ಕಟ್ಟಿಗೆ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಮುಂದೆ ರೊಟ್ಟಿ ಹಂಚು, ನಡುವೆ ಬೇಳೆ, ಹಿಂದೆ ನೀರಿನ ಪಾತ್ರೆ. ಮೂರೂ ಒಟ್ಟಿಗೆ ಆಗುತ್ತವೆ. ಹಳೇ ಒಲೆಗಿಂತ ಕಟ್ಟಿಗೆ ಕಡಿಮೆ ಸಾಕು, ಗೋಡೆ ಕರಿಯಾಗುವುದಿಲ್ಲ.

ಇಷ್ಟಾದರೂ ನಮ್ಮ ಓಣಿಯಲ್ಲಿ ಕೆಲವರು ಇದನ್ನು ಒಡೆದು ಹಾಕಿದರು. 'ಹೊಗೆ ಇಲ್ಲದ ಒಲೆ ಅಂದ್ರು, ಇದೂ ಹೊಗೆ ಬಿಡ್ತದ' ಅಂತ ಬೇಜಾರು. ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಹೊಗೆ ಬಂದರೆ ಒಲೆಯನ್ನು ಬೈಯುವ ಮುಂಚೆ, ಹೊಗೆ ಯಾವಾಗ ಬರುತ್ತದೆ ಅಂತ ನೋಡಬೇಕು. ಬರುವ ಹೊತ್ತೇ ಕಾರಣ ಹೇಳುತ್ತದೆ.

ಬೆಳಿಗ್ಗೆ ಹಚ್ಚುವಾಗ ಮಾತ್ರ ಬಂದರೆ ಕೊಳವೆ ತಣ್ಣಗಿದೆ ಅಂತ ಅರ್ಥ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅದೇ ಹೊಗೆಯನ್ನು ಎಳೆದುಕೊಂಡು ಹೋಗುವುದು. ರಾತ್ರಿಯೆಲ್ಲಾ ಕೊಳವೆಯಲ್ಲಿ ತಣ್ಣನೆ ಗಾಳಿ ಕೂತಿದ್ದರೆ ಎಳೆತ ಇರುವುದಿಲ್ಲ. ನಮ್ಮತ್ತೆ ಹಿಂದಿನ ಪಾತ್ರೆ ತೆಗೆದು, ಕೊಳವೆಯ ಬುಡದ ಹತ್ತಿರ ಒಂದು ಹಿಡಿ ಒಣ ತೊಗರಿ ಕಟ್ಟಿಗೆ ಉರಿಸುತ್ತಾರೆ. ಆಮೇಲೆ ಪಾತ್ರೆ ಇಟ್ಟು ಮುಂದಿನ ಬಾಯಿ ಹಚ್ಚುತ್ತಾರೆ. ಎರಡು ನಿಮಿಷದ ಕೆಲಸ.

ರೊಟ್ಟಿ ಮಾಡುವಾಗ ಮಾತ್ರ ಬರುತ್ತಿದ್ದರೆ ಹಂಚಿನ ಸುತ್ತ ಸಂದು ಇದೆ. ಕೊಳವೆ ಆ ಸಂದಿನಿಂದ ಸುಮ್ನೆ ಗಾಳಿ ಎಳೆದುಕೊಂಡು ತಣ್ಣಗಾಗುತ್ತದೆ, ಉರಿಯ ಹೊಗೆ ಒಳಗೇ ಉಳಿಯುತ್ತದೆ. ಮಣ್ಣು, ಸಗಣಿ ಕಲಸಿ ಅಂಚು ಮೆತ್ತಿ, ಹಂಚು ಸರಿಯಾಗಿ ಕೂರುವಂತೆ ಮಾಡಿದರೆ ಮುಗಿಯಿತು.

ನಮಗೆ ಜಾಸ್ತಿ ಕಾಡಿದ್ದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಸೀಮೆಯಲ್ಲಿ ಪಡುವಣ ಗಾಳಿ ಎಷ್ಟು ಜೋರು ಅಂತ ಇಲ್ಲಿ ಸಾಲುಗಟ್ಟಿ ನಿಂತ, ಗಾಳಿಯಿಂದ ವಿದ್ಯುತ್ ತಯಾರಿಸುವ ದೊಡ್ಡ ಫ್ಯಾನುಗಳನ್ನು ನೋಡಿದರೆ ಗೊತ್ತಾಗುತ್ತದೆ. ಒಲೆ ಕಟ್ಟಿದ ಗೌಂಡಿ ಕೊಳವೆಯನ್ನು ಮಾಳಿಗೆಯಿಂದ ಎರಡಡಿ ಮೇಲಕ್ಕೆ ಬಿಟ್ಟು ಹೋಗಿದ್ದ. ಪಕ್ಕದ ಮನೆಯ ಗೋಡೆ ಅದಕ್ಕಿಂತ ಎತ್ತರ. ಗಾಳಿ ಆ ಗೋಡೆಗೆ ಬಡಿದು ಕೆಳಗೆ ತಿರುಗಿ ನೇರ ಕೊಳವೆಗೆ ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಕೊಳವೆಯ ತುದಿ ಮಾಳಿಗೆಯಿಂದ ಕನಿಷ್ಠ ಮೂರಡಿ ಮೇಲಿರಬೇಕು, ಸುತ್ತ ಹತ್ತಡಿಯೊಳಗೆ ಇರುವ ಯಾವುದೇ ಗೋಡೆಗಿಂತ ಎರಡಡಿ ಎತ್ತರ ಇರಬೇಕು. ಇದು ಹಳೇ ಲೆಕ್ಕ. ಅಷ್ಟು ಉದ್ದ ಮಾಡಿಸಿ, ತಂತಿ ಕಟ್ಟಿ ಬಿಗಿಸಿದೆವು. ಮಳೆಗೆಂದು ಇಟ್ಟಿದ್ದ ಟೋಪಿ ಕೊಳವೆಯ ಬಾಯಿಗೆ ತೀರಾ ಹತ್ತಿರ ಇತ್ತು, ಅದನ್ನೂ ಎತ್ತರಿಸಿದೆವು. ಆಮೇಲೆ ಆಷಾಢದಲ್ಲೂ ನೆಮ್ಮದಿ.

ಕಿಟಕಿಯದೂ ಇದರಲ್ಲಿ ಪಾತ್ರ ಇದೆ. ಗಾಳಿ ಪಡುವಣದಿಂದ ಬೀಸುವಾಗ ಮೂಡಣ ಕಿಟಕಿಯೊಂದನ್ನೇ ತೆರೆದರೆ ಒಳಗಿನ ಗಾಳಿ ಹೊರಗೆ ಎಳೆದುಹೋಗುತ್ತದೆ, ಅದರ ಜಾಗಕ್ಕೆ ಕೊಳವೆಯಿಂದ ಹೊಗೆ ಇಳಿಯುತ್ತದೆ. ಪಡುವಣದ್ದನ್ನು ಒಂದಿಷ್ಟು ತೆರೆಯಿರಿ. ಎಕ್ಸಾಸ್ಟ್ ಫ್ಯಾನ್ ಹಾಕಿದವರಿಗೂ ಇದೇ ಕಷ್ಟ. ಬಾಗಿಲು ಮುಚ್ಚಿಕೊಂಡು ಫ್ಯಾನ್ ತಿರುಗಿಸಿದರೆ ಅದು ಕೊಳವೆಯ ಹೊಗೆಯನ್ನೇ ಮನೆಯೊಳಗೆ ಎಳೆಯುತ್ತದೆ. ಅನುಮಾನ ಇದ್ದರೆ ಒಲೆಯ ಬಾಯಿ ಹತ್ತಿರ ಊದಿನಕಡ್ಡಿ ಹಿಡಿಯಿರಿ. ಅದರ ಹೊಗೆ ಒಳಗೆ ಹೋದರೆ ಎಳೆತ ಸರಿ ಇದೆ, ನಿಮ್ಮ ಕಡೆ ಬಂದರೆ ಇಲ್ಲ.

ಇನ್ನು ದಿನದಿಂದ ದಿನಕ್ಕೆ ಹೊಗೆ ಹೆಚ್ಚುತ್ತಾ ಬಂದರೆ ಅದು ಮಸಿ. ನಾಲ್ಕು ಇಂಚಿನ ಕೊಳವೆಯಲ್ಲಿ ಸುತ್ತಲೂ ಅರ್ಧ ಇಂಚು ಮಸಿ ಕೂತರೆ ಉಳಿಯುವುದು ಮೂರೇ ಇಂಚು. ಹೊಗೆ ಹೋಗುವ ದಾರಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ! ನಾವು ತಿಂಗಳಿಗೊಮ್ಮೆ, ಒಲೆ ಪೂರ್ತಿ ಆರಿದ ಮೇಲೆ, ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ, ಕೆಳಗೆ ಕಲ್ಲು ತೂಗಿಬಿಟ್ಟು ಮಾಳಿಗೆ ಮೇಲಿಂದ ಎಳೆದಾಡುತ್ತೇವೆ. ಒಲೆಯ ಬಾಯಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಮುಚ್ಚಿರಬೇಕು. ಇದನ್ನು ಮುಂದೂಡಬೇಡಿ. ದಪ್ಪಗೆ ಕೂತ ಮಸಿಗೆ ಬೆಂಕಿ ಹತ್ತಿದರೆ ಕೊಳವೆಯೇ ಸೀಳುತ್ತದೆ.

ಮಸಿ ಬೇಗ ಕಟ್ಟುವುದು ಹಸಿ ಕಟ್ಟಿಗೆಯಿಂದ. ಈಗ ತಾನೇ ಕಡಿದ ಜಾಲಿಯನ್ನು ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬರುತ್ತದೆ, ನೋಡಿರಬೇಕು. ಉರಿಯ ಶಾಖವೆಲ್ಲ ಆ ನೀರು ಕುದಿಸಲಿಕ್ಕೇ ಹೋಗುತ್ತದೆ. ಕೊಳವೆ ಬಿಸಿಯಾಗುವುದಿಲ್ಲ, ಒಳಗೆ ಜಿಗುಟು ಡಾಂಬರು ಮೆತ್ತುತ್ತದೆ. ಜಾಲಿ ಸೀಳಿ ಬೇಸಿಗೆ ಪೂರ್ತಿ ಬಿಸಿಲಿಗೆ ಒಟ್ಟಿ, ಮಳೆಗೆ ಮುಂಚೆ ಒಳಗೆ ತಂದಿಡಿ. ಹತ್ತಿ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ ನಿಜ. ಆದರೆ ಬಹಳ ದಿನ ಒಟ್ಟಿಡಬೇಡಿ, ಗುಲಾಬಿ ಕಾಯಿಕೊರಕ ಹುಳ ಅದರಲ್ಲೇ ಉಳಿದು ಮುಂದಿನ ಬೆಳೆಗೆ ಬರುತ್ತದೆ.

ಒಲೆಗೆ ನನ್ನಿಂದ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿಮೆ ಮಾಡಿದ್ದು ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಮೂರು ಪಾತ್ರೆಯ ಒಲೆ ದಂಡ ಅನ್ನುವ ಕಾರಣಕ್ಕೆ. ಹೊಸದಾಗಿ ಕಟ್ಟಿಸುವವರು ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಒಂದು ಕಿಂಡಿ ಬಿಡಲು ಗೌಂಡಿಗೆ ಮೊದಲೇ ಹೇಳಿ. ಕಟ್ಟಿದ ಮೇಲೆ ಕೊರೆಯಲು ಹೋದರೆ ಒಲೆ ಬಿರುಕು ಬಿಡುತ್ತದೆ.