ತೋಳಿರುವ ಕಸದ ಲಾರಿ: ಸಾಲವೋ, ಲೀಸೋ?

ಮನೆ ಕಸದ ಗುತ್ತಿಗೆ ಸಿಕ್ಕಿದೆ, ಆಟೊಮ್ಯಾಟಿಕ್ ಸೈಡ್ ಲೋಡರ್, ಅಂದರೆ ಪಕ್ಕದಿಂದ ತೋಳು ಚಾಚಿ ಕಸದ ಡಬ್ಬಿ ಎತ್ತುವ ಲಾರಿ ಬೇಕು. ಪೂರ್ತಿ ದುಡ್ಡು ಕೊಟ್ಟು ತಗೊಳ್ಳೋರು ಕಡಿಮೆ. ಹಾಗಾಗಿ ಉಳಿಯೋದು ಎರಡು ದಾರಿ.

ಸಾಲದಲ್ಲಿ ಮುಂಗಡ ಕಟ್ಟಬೇಕು, ಕಂತೂ ಸಾಮಾನ್ಯವಾಗಿ ಜಾಸ್ತಿ. ಆದರೆ ಕಂತು ಮುಗಿದ ಮೇಲೆ ಲಾರಿ ನಿಮ್ಮದು. ಎಷ್ಟು ಬೇಕಾದರೂ ಓಡಿಸಿ, ಕೇಳೋರಿಲ್ಲ.

ಲೀಸ್‌ನಲ್ಲಿ, ಅಂದರೆ ಇಷ್ಟು ವರ್ಷಕ್ಕೆ ಅಂತ ಬಾಡಿಗೆಗೆ ತಗೊಂಡರೆ, ಕೈಯಿಂದ ಹೋಗೋದು ಮೊದಲಿಗೆ ಕಡಿಮೆ. ಕೊನೆಗೆ ವಾಪಸ್ ಕೊಡಬಹುದು, ಇಲ್ಲವೇ ಉಳಿದ ಬೆಲೆ ಕಟ್ಟಿ ಇಟ್ಟುಕೊಳ್ಳಬಹುದು. ಎಡವೋದು ಇಲ್ಲೇ. ವಾಪಸ್ ಕೊಡುವಾಗ ಲಾರಿ ಹೇಗಿರಬೇಕು ಅಂತ ಒಪ್ಪಂದದಲ್ಲಿ ಬರೆದಿರುತ್ತಾರೆ. ಈ ಲಾರಿಯ ತೋಳು ದಿನಕ್ಕೆ ನೂರಾರು ಡಬ್ಬಿ ಎತ್ತುತ್ತೆ. ಒಂದೊಂದು ಸಲವೂ ಚಾಚಿ, ಹಿಡಿದು, ಎತ್ತಿ, ಬಗ್ಗಿಸಿ, ಇಳಿಸಬೇಕು. ಪಿನ್ನು, ಬುಷ್ಷು, ಹೈಡ್ರಾಲಿಕ್ ಹೋಸು ಎಲ್ಲಾ ಸವೆಯುತ್ತವೆ. ಎಂಜಿನ್ ಚೆನ್ನಾಗಿದ್ದರೂ ತೋಳು ಸಡಿಲವಾಗಿದ್ದರೆ ರಿಪೇರಿ ಬಿಲ್ಲು ನಿಮ್ಮ ತಲೆಗೆ. ಒಪ್ಪಂದದಲ್ಲಿರುವ ಕಿಲೋಮೀಟರ್ ಮಿತಿ ಮಾತ್ರ ನೋಡಿದರೆ ಸಾಲದು. ಈ ಲಾರಿಗಳು ಓಡೋದಕ್ಕಿಂತ ನಿಂತು ಕೆಲಸ ಮಾಡೋದೇ ಹೆಚ್ಚು. ಎಂಜಿನ್ ಒಟ್ಟು ಎಷ್ಟು ಗಂಟೆ ಚಾಲೂ ಇರಬಹುದು ಅನ್ನೋ ಮಿತಿಯನ್ನೂ ಕೇಳಿ.

ತೆರಿಗೆ ಲೆಕ್ಕ ಎರಡರಲ್ಲೂ ಬೇರೆ ಬೇರೆ, ಅದನ್ನು ನಿಮ್ಮ ಆಡಿಟರ್‌ಗೆ ಬಿಡಿ.

ನನ್ನ ಪ್ರಕಾರ, ಗುತ್ತಿಗೆ 7 ವರ್ಷದ್ದಾಗಿದ್ದು ಸ್ವಂತ ಮೆಕ್ಯಾನಿಕ್ ಇದ್ದರೆ 5 ವರ್ಷದ ಸಾಲವೇ ವಾಸಿ. ಕೊನೆಯ 2 ವರ್ಷ ಕಂತಿಲ್ಲದೆ ದುಡಿಯುತ್ತೆ, ಅಲ್ವಾ? ಗುತ್ತಿಗೆ 3 ವರ್ಷದ್ದಾಗಿದ್ದು, ನವೀಕರಣ ಗ್ಯಾರಂಟಿ ಇಲ್ಲದಿದ್ದರೆ ಅಷ್ಟೇ ಅವಧಿಯ ಲೀಸ್ ತಗೊಳ್ಳಿ. ಕಂತು ಕಡಿಮೆಯಾಗುತ್ತೆ ಅಂತ ಸುಮ್ನೆ ಗುತ್ತಿಗೆಗಿಂತ ಉದ್ದದ ಅವಧಿಗೆ ಸಹಿ ಹಾಕಬೇಡಿ. ಸಹಿಗೆ ಮುಂಚೆ, ಅವಧಿಗೆ ಮೊದಲೇ ಮುಗಿಸಿದರೆ ದಂಡ ಎಷ್ಟು ಅಂತ ಬರಹದಲ್ಲೇ ಪಡೆಯಿರಿ.