ಜಿಂಕೆ ನೋಡಲು ನಡೆದು ಹೋಗುವವರಿಗೆ ಚಳ್ಳಕೆರೆ ಕಂಬಳಿ ಹೇಗಿದೆ? ಎರಡು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ಕಂಬಳಿ ಚೆನ್ನಾಗಿದೆ, ತಗೊಳ್ಳಿ. ಹೊದ್ದು ಮಲಗುವುದಕ್ಕೆ ಹೇಗಿದೆ ಅಂತ ಬೇರೆಯವರು ಹೇಳುತ್ತಾರೆ. ನಾನು ಬರೆಯುತ್ತಿರುವುದು ಬೆಳಗಿನ ಜಾವ ಬಯಲಿಗೆ ಹೋಗಿ, ಜೀಪು ಬೈಕು ಏನೂ ಇಲ್ಲದೆ, ಕಾಲ್ನಡಿಗೆಯಲ್ಲೇ ಜಿಂಕೆ ಹತ್ತಿರಕ್ಕೆ ಹೋಗಿ ಸುಮ್ನೆ ಕೂತು ನೋಡುವ ಹುಚ್ಚು ಇರುವವರಿಗೆ. ನಾನು ಚಿತ್ರದುರ್ಗದವನು. ರಜೆ ಸಿಕ್ಕರೆ ಚಳ್ಳಕೆರೆ ಕಡೆ ಹೋಗುತ್ತೇನೆ, ವರ್ಷಕ್ಕೆ ಒಂದೆರಡು ಸಲ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೆ.

ನಮ್ಮ ಕಡೆ ಜಿಂಕೆ ಅಂದರೆ ಜಾಸ್ತಿ ಮಟ್ಟಿಗೆ ಕೃಷ್ಣಮೃಗ. ನಿಜವಾಗಿ ಅದು ಜಿಂಕೆ ಜಾತಿಯಲ್ಲ, ಹುಲ್ಲೆ ಜಾತಿ. ಚುಕ್ಕೆ ಜಿಂಕೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತೆ, ಕೃಷ್ಣಮೃಗದ್ದು ಸಾಯೋವರೆಗೂ ಅದೇ ಕೊಂಬು. ಆದರೂ ಹಳ್ಳಿಯಲ್ಲಿ ಎಲ್ಲರೂ ಜಿಂಕೆ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಕಂಬಳಿ ಹೊದ್ದು ಬಗ್ಗಿಕೊಂಡು ಹೋಗೋದು ನೋಡಿದವರು ಬೇಟೆನಾ ಅಂತ ಕೇಳುತ್ತಾರೆ. ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಪಟ್ಟಿಯಲ್ಲಿದೆ, ಕೊಂದರೆ 3ರಿಂದ 7 ವರ್ಷ ಜೈಲು. ಅದು ಹಾಗೇ ಇರಬೇಕು. ಆದರೆ ಹಿಂದಿನ ಬೇಟೆಗಾರರಿಗೆ ಗೊತ್ತಿದ್ದ ವಿದ್ಯೆ ಇದೆಯಲ್ಲ, ಗಾಳಿ ನೋಡುವುದು, ಪ್ರಾಣಿ ತಲೆ ಬಗ್ಗಿಸಿದಾಗ ಮಾತ್ರ ಹೆಜ್ಜೆ ಇಡುವುದು, ತಲೆ ಎತ್ತಿದರೆ ಕಲ್ಲಿನ ಹಾಗೆ ನಿಲ್ಲುವುದು, ಅದು ನೋಡುವವರಿಗೂ ಅಷ್ಟೇ ಬೇಕು. ಹತ್ತಿರ ಹೋದ ಮೇಲೆ ನಾವು ಮಾಡೋದು ಮಾತ್ರ ಬೇರೆ.

ಕಂಬಳಿಗೆ ಬರುವ ಮೊದಲು ನಾನು ಮಾಡಿದ ತಪ್ಪು ಹೇಳಬೇಕು. ಆನ್‌ಲೈನಿನಲ್ಲಿ ಒಂದು ಕಾಡುಬಣ್ಣದ ಜಾಕೆಟ್ ತರಿಸಿದ್ದೆ, 3,400 ರೂಪಾಯಿ. ಕಂಪನಿ ಹೆಸರು ಬೇಡ. ಫೋಟೋದಲ್ಲಿ ಬಹಳ ಚೆನ್ನಾಗಿತ್ತು. ಹಾಕಿಕೊಂಡು ಬಯಲಿಗೆ ಇಳಿದರೆ ಎರಡು ತೊಂದರೆ. ಒಂದು, ಬಣ್ಣ. ಅದು ಎಲೆಹಸಿರು, ನಮ್ಮ ನೆಲ ಒಣಹುಲ್ಲಿನ ಬಣ್ಣ, ಕೆಂಪು ಮಣ್ಣು, ಕರಿಕಲ್ಲು. ಎರಡು, ಸದ್ದು. ಕೈ ಆಡಿಸಿದರೆ ತೋಳಿನ ಬಟ್ಟೆ ಪಕ್ಕೆಗೆ ಉಜ್ಜಿ ಚರಕ್ ಚರಕ್ ಅನ್ನುತ್ತೆ. ಮನೆಯಲ್ಲಿ ಗೊತ್ತಾಗಲ್ಲ. ಬೆಳಿಗ್ಗೆ ಆರು ಗಂಟೆಗೆ, ಗಾಳಿ ಇಲ್ಲದ ಬಯಲಲ್ಲಿ, ಅದು ಯಾರೋ ಪ್ಲಾಸ್ಟಿಕ್ ಚೀಲ ಹರಿದ ಹಾಗೆ ಕೇಳುತ್ತೆ. ಇನ್ನೂ ನೂರು ಮಾರು ದೂರದಲ್ಲಿದ್ದೆ, ಒಂದು ಹೆಣ್ಣು ಜಿಂಕೆ ಕತ್ತೆತ್ತಿತು. ನೇರ ನನ್ನನ್ನೇ ನೋಡಿತು. ಆಮೇಲೆ ನಿಂತ ಜಾಗದಿಂದಲೇ ಒಂದು ಎಗರು ಎಗರಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಹಿಂಡು ಚೆಂಡು ಪುಟಿದ ಹಾಗೆ ಪುಟಿಯುತ್ತಾ ಹೋಯಿತು. ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡುವ ಪ್ರಾಣಿ ಅದು. ಮತ್ತೆ ಅವತ್ತು ಸಿಗಲಿಲ್ಲ.

ಅದನ್ನೆಲ್ಲ ನೋಡುತ್ತಾ ಒಬ್ಬ ಕುರಿ ಕಾಯುವ ಅಜ್ಜ ಬದುವಿನ ಮೇಲೆ ಕೂತಿದ್ದರು. ಅವರ ಕುರಿಗಳಿಂದ ಸ್ವಲ್ಪ ಆಚೆಗೇ ಆ ಹಿಂಡು ಅಷ್ಟು ಹೊತ್ತು ಮೇಯುತ್ತಿತ್ತು. "ತಮ್ಮಾ, ಅವಕ್ಕೆ ಕಂಬ್ಳಿ ಗೊತ್ತು, ನಿನ್ನ ಅಂಗಿ ಗೊತ್ತಿಲ್ಲ" ಅಂದರು. ನಾನು ಬೈನಾಕ್ಯುಲರ್ ಕೊಟ್ಟೆ, ಕಣ್ಣಿಗಿಟ್ಟು ಒಂದು ಕ್ಷಣ ನೋಡಿ ವಾಪಸ್ ಕೊಟ್ಟರು. "ನೆಟ್ಟಗೆ ಹೋಗಬ್ಯಾಡ. ಓರೆ ಹೋಗು. ಎಲ್ಲೋ ಹೋಗ್ತಿರೋನ ಥರ ಹೋಗು."

ಮುಂದಿನ ವಾರವೇ ಚಳ್ಳಕೆರೆಗೆ ಹೋಗಿ ಕಂಬಳಿ ತಂದೆ.

ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೆ ಎಷ್ಟು ಹೆಸರೋ ಕಂಬಳಿಗೂ ಅಷ್ಟೇ ಹೆಸರು. ನಾನು ತಗೊಂಡಿದ್ದು ಕೈಮಗ್ಗದ್ದು, ಬಣ್ಣ ಹಾಕದ ಕರಿ ಉಣ್ಣೆ, 1,800 ರೂಪಾಯಿ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿದೆ, ಎರಡು ಕೆಜಿಗೆ ಸ್ವಲ್ಪ ಜಾಸ್ತಿ. ಅಂಗಡಿಗಳಲ್ಲಿ ಮಿಲ್ಲಿನ ಕಂಬಳಿಯೂ ಇರುತ್ತೆ, ನುಣುಪಾಗಿ, ಅರ್ಧ ಬೆಲೆಗೆ. ಅದು ನಮ್ಮ ಕೆಲಸಕ್ಕೆ ಬರಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತೆ. ಪ್ಲಾಸ್ಟಿಕ್ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತೆ. ಮಾರುವವರು ಬೇಸರ ಮಾಡಿಕೊಳ್ಳಲ್ಲ, ಒಳ್ಳೇ ಮಾಲು ಇಟ್ಟವರೇ ಬೆಂಕಿಪೊಟ್ಟಣ ಕೊಡುತ್ತಾರೆ.

ಹೊಸ ಕಂಬಳಿ ಬಿರುಸಾಗಿರುತ್ತೆ. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದರ ಬಿರುಸು. ಮಡಿಸಿದರೆ ತಟ್ಟೆಯ ಹಾಗೆ ನಿಲ್ಲುತ್ತೆ. ಒಂದು ತಿಂಗಳು ಮನೆಯಲ್ಲಿ ಹಾಸಿ ಹೊದ್ದು ಬಳಸಿ, ಮೆತ್ತಗಾಗುತ್ತೆ, ಆಮೇಲೆ ಬಯಲಿಗೆ ತಗೊಂಡು ಹೋಗಿ. ಕುತ್ತಿಗೆಗೆ ಚುಚ್ಚೋದಂತೂ ನಿಜ. ತುಂಬು ತೋಳಿನ ಹತ್ತಿ ಅಂಗಿ ಒಳಗೆ ಇರಲಿ.

ಸದ್ದು ವಿಷಯಕ್ಕೆ ಬಂದರೆ ಇದಕ್ಕೆ ಸರಿಸಾಟಿ ಇಲ್ಲ. ಕಂಬಳಿಗೆ ಕಂಬಳಿ ಉಜ್ಜಿದರೂ ಸದ್ದಿಲ್ಲ, ಜಾಲಿ ಮುಳ್ಳಿಗೆ ಸಿಕ್ಕಿದರೂ ಪರ್ ಅನ್ನಲ್ಲ, ಮೆಲ್ಲಗೆ ಬಿಡಿಸಿಕೊಳ್ಳಬಹುದು. ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತರೆ ತಲೆ, ಹೆಗಲು, ತೋಳು ಯಾವುದೂ ಬೇರೆ ಬೇರೆ ಕಾಣಲ್ಲ. ಮನುಷ್ಯನ ಆಕಾರವೇ ಹೋಗಿಬಿಡುತ್ತೆ. ಬಯಲಲ್ಲಿ ಒಂದು ಗುಂಡು ಕಲ್ಲು, ಅಷ್ಟೇ. ಕೃಷ್ಣಮೃಗ ನಂಬೋದು ಕಣ್ಣನ್ನು, ಅದರ ಕಣ್ಣಿಗೆ ಮೊದಲು ಬೀಳೋದು ಆಕಾರ ಮತ್ತು ಅಲುಗಾಟ. ಜಿಂಕೆಗಳಿಗೆ ಕೆಂಪು ಹಸಿರಿನ ವ್ಯತ್ಯಾಸ ಅಷ್ಟಾಗಿ ತಿಳಿಯಲ್ಲ, ನೀಲಿ ಮಾತ್ರ ಚೆನ್ನಾಗಿ ಕಾಣುತ್ತೆ. ಹಾಗಾಗಿ ಜೀನ್ಸ್ ಪ್ಯಾಂಟ್ ಬೇಡ. ಬಟ್ಟೆ ಬೆಳ್ಳಗೆ ಹೊಳೆಯಲಿ ಅಂತ ಸೋಪಿನ ಪುಡಿಯಲ್ಲಿ ಹಾಕುವ ವಸ್ತು ಇದೆಯಲ್ಲ, ಅದು ಕೂಡ ಅವುಗಳ ಕಣ್ಣಿಗೆ ನೀಲಿಯಾಗಿ ಹೊಳೆಯುತ್ತೆ. ಕಂಬಳಿಯನ್ನು ಸೋಪಿನ ಪುಡಿಯಲ್ಲಿ ಒಗೆಯಲೇಬೇಡಿ. ಬಿಸಿಲಿಗೆ ಹಾಕಿ ಕೋಲಲ್ಲಿ ಬಡಿಯಿರಿ, ಬೇವಿನ ಸೊಪ್ಪು ಇಟ್ಟು ಮಡಿಸಿ, ಸಾಕು.

ಇನ್ನೊಂದು ಉಪಯೋಗ ನಾನೇ ಕಂಡುಕೊಂಡೆ. ಗಾಳಿ ನೋಡಲು ಮೊದಲು ವಿಭೂತಿ ಪುಡಿ ಇಟ್ಟುಕೊಳ್ಳುತ್ತಿದ್ದೆ, ಚಿಟಿಕೆ ಉದುರಿಸಿದರೆ ಯಾವ ಕಡೆ ಹೋಗುತ್ತೆ ಅಂತ ಗೊತ್ತಾಗುತ್ತಿತ್ತು. ಈಗ ಅದೂ ಬೇಡ. ಕಂಬಳಿ ಮೇಲಿನ ನವಿರು ಒಂದು ಚೂರು ಕಿತ್ತು ಬೆರಳ ತುದಿಯಿಂದ ಬಿಡುತ್ತೇನೆ. ವಿಭೂತಿ ಒಂದು ಕ್ಷಣದಲ್ಲಿ ಕಾಣದಾಗುತ್ತೆ, ಉಣ್ಣೆ ಎಳೆ ತೇಲುತ್ತಾ ಹತ್ತು ಹೆಜ್ಜೆ ಹೋಗುತ್ತೆ. ಮುಂದೆ ಹೋದ ಗಾಳಿ ಬದುವಿಗೆ ತಾಗಿ ಎಲ್ಲಿ ತಿರುಗುತ್ತೆ ಅನ್ನೋದು ಕೂಡ ಕಣ್ಣಿಗೆ ಕಾಣುತ್ತೆ.

ಗಾಳಿ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಇದು ಸರಿಯಿಲ್ಲದಿದ್ದರೆ ಯಾವ ಕಂಬಳಿಯೂ ಉಳಿಸಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಆಷಾಢ ಶ್ರಾವಣದಲ್ಲಿ ಪಡುಗಾಳಿ ಒಂದೇ ಸಮನೆ ಬೀಸುತ್ತೆ. ಆಗ ಬೆಳಿಗ್ಗೆ ಹೊತ್ತು ಹಿಂಡಿಗೆ ಮೂಡಣ ದಿಕ್ಕಿನಿಂದ ಹೋಗಿ. ಗಾಳಿ ನಿಮ್ಮ ಮುಖಕ್ಕೆ, ಸೂರ್ಯ ನಿಮ್ಮ ಬೆನ್ನಿಗೆ. ನಿಮ್ಮ ವಾಸನೆ ಜಿಂಕೆಗೆ ಹೋಗಲ್ಲ, ನಿಮ್ಮ ಕಡೆ ನೋಡಿದರೆ ಬಿಸಿಲು ಅದರ ಕಣ್ಣಿಗೆ ಹೊಡೆಯುತ್ತೆ. ಚಳಿಗಾಲಕ್ಕೆ ಇದು ಉಲ್ಟಾ. ಮೂಡಗಾಳಿ ಬರುತ್ತೆ, ಬೆಳಿಗ್ಗೆ ಹೋದರೆ ಬಿಸಿಲು ನಿಮ್ಮ ಕಣ್ಣಿಗೇ. ಹಾಗಾಗಿ ಆ ತಿಂಗಳುಗಳಲ್ಲಿ ನಾನು ಸಂಜೆ ನಾಲ್ಕೂವರೆ ಮೇಲೆ ಪಡುವಣದಿಂದ ಹೋಗುತ್ತೇನೆ. ಇದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಮಳೆ, ಇಬ್ಬನಿ. ಇಬ್ಬನಿಗೆ ಕಂಬಳಿ ಜಗ್ಗಲ್ಲ, ಹನಿ ಮೇಲೆಯೇ ಮಣಿ ಮಣಿಯಾಗಿ ನಿಲ್ಲುತ್ತೆ, ಕೊಡವಿದರೆ ಹೋಯಿತು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆ ಅನ್ನಿಸಲ್ಲ, ನೆನೆದರೂ ಬೆಚ್ಚಗೇ ಇರುತ್ತೆ. ಆದರೆ ಜೋರು ಮಳೆ ಅರ್ಧ ಗಂಟೆ ಹೊಡೆದರೆ ಹೆಗಲು ಬಿದ್ದುಹೋಗುವಷ್ಟು ಭಾರ, ಒಣಗಲು ಎರಡು ದಿನ. ಫೆಬ್ರವರಿ ಕಳೆದ ಮೇಲೆ ಹತ್ತು ಗಂಟೆ ಬಿಸಿಲಲ್ಲಿ ಹೊದೆಯೋಕೆ ಆಗಲ್ಲ, ಆಗ ಹಾಸಿಕೊಂಡು ಮರದ ನೆರಳಲ್ಲಿ ಕೂರಲು ಬಳಸಿ. ಕಲ್ಲು, ನೆಗ್ಗಿನ ಮುಳ್ಳು ಯಾವುದೂ ಚುಚ್ಚಲ್ಲ.

ದೊಡ್ಡ ತೊಂದರೆ ಅಂದರೆ ಉತ್ತರಾಣಿ. ರಂಗಯ್ಯನದುರ್ಗದ ಕುರುಚಲಲ್ಲಿ ಅರ್ಧ ದಿನ ಓಡಾಡಿ ಬಂದರೆ ಕಂಬಳಿ ತುಂಬಾ ಉತ್ತರಾಣಿ ಕಾಳು, ಹುಲ್ಲಿನ ಊಬು. ಬಿಡಿಸಲು ಒಂದು ಇಡೀ ಸಂಜೆ. ಅಲ್ಲಿ ನಾನು ಹೋಗೋದು ಕೊಂಡುಕುರಿಗೆ. ನಾಲ್ಕು ಕೊಂಬಿನ ಪುಟ್ಟ ಪ್ರಾಣಿ, 2011ರಲ್ಲಿ ಅದಕ್ಕಾಗಿಯೇ ಅಲ್ಲಿ ವನ್ಯಜೀವಿಧಾಮ ಮಾಡಿದ್ದಾರೆ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಕೊಂಡುಕುರಿ ಹಿಂಡು ಕಟ್ಟಲ್ಲ, ಒಂಟಿ ಅಥವಾ ಜೋಡಿ, ಪೊದೆಯಲ್ಲಿ ಅಡಗಿ ಕೂತು ನೀವು ತೀರಾ ಹತ್ತಿರ ಬಂದಾಗ ಚಂಗನೆ ಹಾರಿ ಹೋಗುತ್ತೆ. ಹುಡುಕಿ ಹೋದರೆ ಸಿಗಲ್ಲ. ಅದು ಪದೇ ಪದೇ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತೆ, ಆ ಗುಡ್ಡೆ ಕಂಡರೆ ಗಾಳಿ ನೋಡಿ ದೂರದಲ್ಲಿ ಕಂಬಳಿ ಹೊದ್ದು ಕೂರಬೇಕು. ಎರಡು ಸಲ ಮಾತ್ರ ಕಂಡಿದೆ ನನಗೆ.

ಉಳಿದ ಸಾಮಾನು ಬಹಳ ಇಲ್ಲ. 8x42 ಬೈನಾಕ್ಯುಲರ್ ಸಾಕು, ಹತ್ತು ಪಟ್ಟು ದೊಡ್ಡದು ಮಾಡುವುದು ಕೈಯಲ್ಲಿ ನಡುಗುತ್ತೆ. ತೆಳು ಅಡಿಯ ಕ್ಯಾನ್ವಾಸ್ ಶೂ, ಕಾಲಡಿ ಕಡ್ಡಿ ಸಿಕ್ಕಿದ್ದು ಮುರಿಯುವ ಮೊದಲೇ ಗೊತ್ತಾಗಬೇಕು. ನೀರಿನ ಬಾಟಲಿ ತುಂಬಾ ಇರಲಿ, ಅರ್ಧ ಇದ್ದರೆ ಕುಲುಕುತ್ತೆ. ರೊಟ್ಟಿ, ಶೇಂಗಾ ಚಟ್ನಿಪುಡಿ ಬಟ್ಟೆಯಲ್ಲಿ ಕಟ್ಟಿ, ಕವರ್ ಬೇಡ. ಮೊಬೈಲ್ ಆಫ್.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಶೇಂಗಾ ಹೊಲದ ಬದುವಿನಲ್ಲಿ, ಹೊಲದವರನ್ನು ಕೇಳಿಯೇ, ಕೂತಿದ್ದೆ. ಅಜ್ಜ ಹೇಳಿದ ಹಾಗೆ ಓರೆಯಲ್ಲಿ ಬಂದು, ಮುಕ್ಕಾಲು ಗಂಟೆಯಲ್ಲಿ ಅರ್ಧ ಫರ್ಲಾಂಗು ದಾಟಿದ್ದೆ. ಒಂದು ಕರಿ ಗಂಡು ತಾನಾಗಿಯೇ ಮೇಯುತ್ತಾ ಹದಿನೈದು ಮಾರು ಹತ್ತಿರಕ್ಕೆ ಬಂತು. ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು. ಬೆನ್ನು ಕರಿ, ಹೊಟ್ಟೆ ಸುಣ್ಣ ಬಳಿದ ಹಾಗೆ ಬಿಳಿ, ಕಣ್ಣ ಸುತ್ತ ಬಿಳಿ ಉಂಗುರ. ಕಣ್ಣಿನ ಕೆಳಗೆ ಒಂದು ಸೀಳು ಇರುತ್ತೆ, ಅದನ್ನು ಅಗಲ ಮಾಡಿ ಒಂದು ಕಡ್ಡಿಯ ತುದಿಗೆ ಬಹಳ ಎಚ್ಚರಿಕೆಯಿಂದ ಸವರಿತು. ತನ್ನ ಜಾಗ ಅಂತ ವಾಸನೆ ಹಚ್ಚುವುದು. ನಾನು ಬೈನಾಕ್ಯುಲರ್ ಎತ್ತಲೂ ಇಲ್ಲ, ಬೇಕಾಗಿರಲಿಲ್ಲ. ಒಮ್ಮೆ ನನ್ನ ಕಡೆ ನೋಡಿತು, ಕಿವಿ ತಿರುಗಿಸಿತು, ಮತ್ತೆ ಮೇಯಲು ಶುರು ಮಾಡಿತು. ಅಷ್ಟು ಹೊತ್ತು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ.

ಒಂದು ವಿನಂತಿ. ಹುಲ್ಲಲ್ಲಿ ಮರಿ ಒಂದೇ ಮಲಗಿದ್ದು ಕಂಡರೆ ಮುಟ್ಟಬೇಡಿ, ಎತ್ತಿಕೊಂಡು ಬರಬೇಡಿ. ತಾಯಿ ಬಿಟ್ಟು ಹೋಗಿರಲ್ಲ, ಬಚ್ಚಿಟ್ಟು ಮೇಯಲು ಹೋಗಿರುತ್ತೆ. ಬಂದ ದಾರಿಯಲ್ಲೇ ವಾಪಸ್ ಹೋಗಿ.

ಎರಡು ವರ್ಷದಲ್ಲಿ ಕಂಬಳಿ ಎಲ್ಲೂ ಹರಿದಿಲ್ಲ, ಅಂಚಿನಲ್ಲಿ ನಾಲ್ಕು ಎಳೆ ಬಿಟ್ಟಿದೆ, ದಬ್ಬಳದಲ್ಲಿ ಹೊಲಿದಿದ್ದೇನೆ. ಕೂದಲು ಉದುರುತ್ತೆ ಅಂತ ದೂರುವವರಿದ್ದಾರೆ, ಕಂಬಳಿ ಮೇಲೆ ಕೂತು ಉಂಡು ಕೂದಲು ಬಂತು ಅನ್ನಬಾರದು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ಮಳೆಯಲ್ಲಿ ಆಗುವ ಭಾರಕ್ಕೆ. ತಗೊಳ್ಳುವಾಗ ನಿಮ್ಮ ಎತ್ತರ ಹೇಳಿ ಕೇಳಿ. ನನ್ನ ತಮ್ಮ ಆರಡಿ, ನನ್ನದು ಹೊದ್ದು ಕೂತರೆ ಅವನ ಪಾದ ಹೊರಗೆ ಕಾಣುತ್ತೆ. ಮುಂದಿನ ಸಂತೆಗೆ ಅವನಿಗೊಂದು ಉದ್ದದ್ದು ತರಬೇಕು.